ವ್ಯಾನಿನ ನೀರು ಸೋರಿದರೆ ಏನು ಮಾಡಬೇಕು?

(ರೈತರ ಸಂಜೆಯ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜೋಪಚಾರದ ಮಾತನ್ನೋ ಗೊಬ್ಬರದ ಗುಂಡಿಯ ಮಾತನ್ನೋ ಆಡುತ್ತಾನೆಂದು ನೀವು ತಿಳಿದಿರುತ್ತೀರಿ. ಈ ಹೊತ್ತು ಅದೆರಡೂ ಇಲ್ಲ. ಬೆಳೆದ ಬೆಳೆಯನ್ನು ಮಾರುಕಟ್ಟೆಗೆ ಮುಟ್ಟಿಸುವ ವ್ಯಾನಿನ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಮೋಟಾರು ಕೆಲಸದವನಲ್ಲ. ಆದರೂ ಈ ವಿಷಯವನ್ನು ಏಕೆ ಎತ್ತಿಕೊಂಡೆನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ನನ್ನದೇ ಒಂದು ತಪ್ಪಿನ ಕಥೆ.

2023ರ ಜುಲೈ ತಿಂಗಳು ನಿಮಗೆಲ್ಲ ನೆನಪಿರಬಹುದು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿಗೂ ಮಿಕ್ಕಿ ಹೋದ ದಿನಗಳವು. ಆಗ ಮೂರು ಮನೆಯವರು ಸಾಲ ಮಾಡಿ ಕೂಡಿ ಕೊಂಡಿದ್ದ ಒಂದು ಸಣ್ಣ ಸಾಮಾನು ವ್ಯಾನಿನಲ್ಲಿ 50 ಬಾಕ್ಸು ತುಂಬಿಕೊಂಡು ಬೆಳಗಿನ ಜಾವ ಹೊರಟೆವು. ನಾನೂ ಕೋಲಾರಕ್ಕೆ ಹೋಗಬೇಕಾಗಿದ್ದುದರಿಂದ ಜೊತೆಯಲ್ಲಿ ಕುಳಿತಿದ್ದೆ. ಅದಕ್ಕೂ ಒಂದು ವಾರದ ಹಿಂದೆ ಆ ಮನೆಯ ಹುಡುಗ ನನ್ನನ್ನು ಕೇಳಿದ್ದ: "ಸಾರ್, ದಿನಾ ಒಂದು ಚೊಂಬು ನೀರು ಕಡಿಮೆಯಾಗ್ತದೆ, ಏನು ಮಾಡೋದು?" ನಾನು ಯೋಚನೆಯನ್ನೇ ಮಾಡದೆ, "ಬೋರ್‌ವೆಲ್ ನೀರು ಹಾಕ್ಕೊಂಡು ಓಡಿಸಪ್ಪ, ಏನಾಗ್ತದೆ" ಎಂದಿದ್ದೆ. ನೀರು ಎಲ್ಲಿಗೆ ಹೋಗುತ್ತಿದೆಯೆಂದು ನಾನು ಕೇಳಲಿಲ್ಲ.

ದಾರಿಯ ನಡುವೆ ಬಿಸಿಯ ಮುಳ್ಳು ಕೆಂಪು ಗೆರೆಗೆ ಏರಿತು. ಹುಡುಗ ವ್ಯಾನು ನಿಲ್ಲಿಸಿ, ಹರಾಜಿಗೆ ತಡವಾಗುತ್ತದೆಂಬ ಆತುರದಲ್ಲಿ ಒಂದು ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದ. ಒಳಗಿನ ನೀರು ಕಾರಂಜಿಯ ಹಾಗೆ ಚಿಮ್ಮಿ ಅವನ ಬಲಗೈಯನ್ನೆಲ್ಲ ಬೇಯಿಸಿಬಿಟ್ಟಿತು. ಬೇರೆ ಗಾಡಿ ಹಿಡಿದು ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಟೊಮೆಟೊ ಮಾರುಕಟ್ಟೆ ಸೇರುವ ಹೊತ್ತಿಗೆ ಆ ದಿನದ ಹರಾಜು ಮುಗಿದಿತ್ತು. ಇಂಜಿನ್ನಿನ ಹೆಡ್ಡು ಸೊಟ್ಟಗಾಗಿದೆಯೆಂದು ಆಮೇಲೆ ತಿಳಿಯಿತು. ಇಷ್ಟಕ್ಕೆಲ್ಲ ಕಾರಣ ಒಂದು ಒಡೆದ ರಬ್ಬರು ಪೈಪು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡಂತಾಯಿತು. ಹುಡುಗನ ಕೈ ವಾಸಿಯಾಗಿದೆ, ಆದರೆ ಕಲೆ ಉಳಿದಿದೆ. ಅದನ್ನು ಕಂಡಾಗಲೆಲ್ಲ ನಾನಾಡಿದ ಮಾತು ನೆನಪಾಗುತ್ತದೆ. ಪಟ್ಟಣದ ಒಬ್ಬ ಹಿರಿಯ ಮೆಕಾನಿಕರ ಬಳಿ ಕುಳಿತು ಈ ಕೆಲಸವನ್ನು ಆಮೇಲೆ ಕಲಿತುಕೊಂಡೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಇಂಜಿನ್ನಿಗೆ ನೀರು ಏಕೆ ಬೇಕು?

ನಾವು ಹಾಕುವ ಡೀಸೆಲಿನಿಂದ ಅಥವಾ ಪೆಟ್ರೋಲಿನಿಂದ ಹುಟ್ಟುವ ಶಾಖದಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ಎಳೆಯಲು ಬರುತ್ತದೆ. ಇನ್ನೊಂದು ಪಾಲು ಹೊಗೆಯ ಕೊಳವೆಯಿಂದ ಹೊರಗೆ ಹೋಗುತ್ತದೆ. ಉಳಿದ ಪಾಲನ್ನು ಬಹುಮಟ್ಟಿಗೆ ನೀರೇ ಹೊತ್ತುಕೊಂಡು ಹೋಗಬೇಕು. ಹೋಗದಿದ್ದರೆ ಒಳಗಿನ ಲೋಹ ಹಿಗ್ಗಿ, ಸೊಟ್ಟಗಾಗಿ, ಕೊನೆಗೆ ಪಿಸ್ಟನ್ನು ಕಚ್ಚಿಕೊಂಡು ನಿಲ್ಲುತ್ತದೆ.

ಈ ನೀರಿನ ದಾರಿ ನಮ್ಮ ಕಾಲುವೆಯ ಹಾಗೆಯೇ ಇದೆ. ಒಂದು ಸಣ್ಣ ಪಂಪು ನೀರನ್ನು ಇಂಜಿನ್ನಿನ ಹೊಟ್ಟೆಯೊಳಕ್ಕೆ ತಳ್ಳುತ್ತದೆ. ಅಲ್ಲಿಂದ ನೀರು ಹೆಡ್ಡಿಗೆ ಏರಿ, ಮೇಲಿನ ರಬ್ಬರು ಪೈಪಿನ ಮೂಲಕ ರೇಡಿಯೇಟರಿಗೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಹರಿದು, ಗಾಳಿಗೆ ತಣಿದು, ಕೆಳಗಿನ ಪೈಪಿನಿಂದ ಮತ್ತೆ ಪಂಪಿಗೆ ಸೇರುತ್ತದೆ. ನಡುವೆ ಥರ್ಮೋಸ್ಟಾಟು ಎಂಬ ಒಂದು ತೂಬು ಇದೆ. ಇಂಜಿನ್ನು ತಣ್ಣಗಿರುವಾಗ ಅದು ಮುಚ್ಚಿಕೊಂಡಿರುತ್ತದೆ. ಸಾಮಾನ್ಯವಾಗಿ 82 ರಿಂದ 88 ಡಿಗ್ರಿ ಬಿಸಿಯಾದಾಗ ತಾನಾಗಿ ತೆರೆಯುತ್ತದೆ. ನಮ್ಮದು ಬಿಸಿಲ ನಾಡೆಂದು ಕೆಲವರು ಈ ತೂಬನ್ನೇ ಕಿತ್ತು ಬಿಸಾಡುವುದುಂಟು. ಅದು ಸರಿಯಲ್ಲ. ತಣ್ಣಗೆ ಓಡುವ ಇಂಜಿನ್ನು ಎಣ್ಣೆ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಮುಚ್ಚಳದ ಗುಟ್ಟು

ಸೋದರಿಯರಿಗೆ ಈ ಮಾತು ಬೇಗ ತಿಳಿಯುತ್ತದೆ. ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ. ಅದು ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳದ ಹಾಗೆ ಒತ್ತಡವನ್ನು ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರಿನಂಥ, ಸುಮಾರು 900 ಮೀಟರು ಎತ್ತರದ ಸ್ಥಳದಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಆದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚಿನ ಒತ್ತಡದಲ್ಲಿ ಅದೇ ನೀರು 120 ಡಿಗ್ರಿಯ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಆದುದರಿಂದ ಬಿಸಿ ಇಂಜಿನ್ನಿನಲ್ಲಿ ನೀರು ಶಾಂತವಾಗಿ ಇರುವಂತೆ ತೋರಿದರೂ ಅದರ ಬಿಸಿ ಮಾಮೂಲು ಕುದಿತವನ್ನು ಮೀರಿರಬಹುದು. ಮುಚ್ಚಳ ತೆಗೆದ ಕ್ಷಣವೇ ಒತ್ತಡ ಇಳಿದು ನೀರು ಒಮ್ಮೆಗೇ ಕುದಿದು ಆವಿಯೊಡನೆ ಹೊರಕ್ಕೆ ನುಗ್ಗುತ್ತದೆ. ಕೂಗುತ್ತಿರುವ ಕುಕ್ಕರಿನ ಮುಚ್ಚಳವನ್ನು ಯಾವ ತಾಯಿಯೂ ತೆಗೆಯುವುದಿಲ್ಲ. ವ್ಯಾನಿನ ಮುಚ್ಚಳಕ್ಕೂ ಅದೇ ನಿಯಮ.

ಮುಳ್ಳು ಏರಿದರೆ ಗಾಡಿಯನ್ನು ಪಕ್ಕಕ್ಕೆ ತಂದು ಇಂಜಿನ್ನು ನಿಲ್ಲಿಸಿರಿ. ಕನಿಷ್ಠ ಒಂದು ಗಂಟೆ ಕಾಯಿರಿ. ಮೇಲಿನ ರಬ್ಬರು ಪೈಪನ್ನು ಮುಟ್ಟಿ ನೋಡಿದಾಗ ಅದು ತಣ್ಣಗಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಆಗ ದಪ್ಪ ಬಟ್ಟೆ ಹಾಕಿ, ಮುಖವನ್ನು ದೂರವಿಟ್ಟು, ಮುಚ್ಚಳವನ್ನು ಮೊದಲ ಹಲ್ಲಿನ ತನಕ ಮಾತ್ರ ತಿರುಗಿಸಿರಿ. ಉಸ್ಸೆಂಬ ಸದ್ದು ಪೂರ್ತಿ ನಿಂತ ಮೇಲೆಯೇ ಒತ್ತಿ ತೆಗೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿರಿ. ಕಾದ ಕಲ್ಲಿಗೆ ನೀರು ಹಾಕಿದರೆ ಏನಾಗುತ್ತದೆಂಬುದು ಬಂಡೆ ಒಡೆಯುವವರಿಗೆ ಗೊತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಸೋರಿಕೆ ಎಲ್ಲಿ?

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಸೋರುವುದಕ್ಕೂ ಅದೇ ಲೆಕ್ಕ. ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 3,600 ಹನಿ. ಸುಮಾರು 20 ಹನಿಗೆ 1 ಮಿಲಿಲೀಟರು ಎಂದರೆ ಗಂಟೆಗೆ 180 ಮಿಲಿಲೀಟರು, ದಿನಕ್ಕೆ 4 ಲೀಟರಿಗೂ ಮೇಲೆ. ಸಣ್ಣ ವ್ಯಾನಿನಲ್ಲಿ ಇರುವ ನೀರೇ ಸುಮಾರು 4 ರಿಂದ 6 ಲೀಟರು. ನೀರಿನ ದಾರಿ ಎಲ್ಲ ಕಡೆಯೂ ಮುಚ್ಚಿದ ದಾರಿ. ಆದುದರಿಂದ ನೀರು ದಿನವೂ ಕಡಿಮೆಯಾಗುವುದು ಸಹಜವಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ಒಂದು ತೂತು ಇದೆಯೆಂದೇ ತಿಳಿಯಿರಿ.

ಹುಡುಕುವ ಕ್ರಮ ಹೀಗೆ. ರಾತ್ರಿ ಗಾಡಿ ನಿಲ್ಲಿಸುವಾಗ ಇಂಜಿನ್ನಿನ ಕೆಳಗೆ ಒಂದು ಒಣ ರಟ್ಟನ್ನು ಹಾಸಿರಿ. ಬೆಳಿಗ್ಗೆ ಕಲೆ ಬಿದ್ದ ಜಾಗವನ್ನು ನೋಡಿ, ಅದರ ನೇರಕ್ಕೆ ಮೇಲಕ್ಕೆ ಕಣ್ಣು ಹಾಯಿಸಿರಿ. ನೀರು ಹರಿದು ಬಂದು ಬೇರೆಡೆ ತೊಟ್ಟಿಕ್ಕುವುದುಂಟು; ಹಾಗಾಗಿ ಒದ್ದೆಯ ಅತಿ ಮೇಲಿನ ತುದಿಯನ್ನು ಹುಡುಕಬೇಕು. ಒಣಗಿದ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದು ಹಳೆಯ ಸೋರಿಕೆಯ ಗುರುತು. ಕ್ರಮವಾಗಿ ಇವನ್ನು ನೋಡಿರಿ:

ಒಂದು, ಮೇಲಿನ ಮತ್ತು ಕೆಳಗಿನ ರಬ್ಬರು ಪೈಪುಗಳು, ಅವುಗಳ ತುದಿಯ ಕ್ಲಿಪ್ಪುಗಳು. ಪೈಪನ್ನು ಬಗ್ಗಿಸಿ ನೋಡಿದರೆ ಬಿರುಕು ಬಾಯಿ ಬಿಡುತ್ತದೆ. ಸೀಟಿನ ಕೆಳಗೆ ಇಂಜಿನ್ನು ಇರುವ ಕೆಲವು ವ್ಯಾನುಗಳಲ್ಲಿ ಉದ್ದನೆಯ ಪೈಪುಗಳು ನೆಲಹಲಗೆಯ ಕೆಳಗೆ ಹಾದುಹೋಗುತ್ತವೆ, ಅವನ್ನೂ ಮರೆಯಬಾರದು.

ಎರಡು, ರೇಡಿಯೇಟರಿನ ಕೊಳವೆಗಳು, ಮತ್ತು ಲೋಹಕ್ಕೆ ಪ್ಲಾಸ್ಟಿಕ್ಕು ಸೇರುವ ಅಂಚು.

ಮೂರು, ನೀರಿನ ಪಂಪು. ಅದರ ಕೆಳಗೆ ಒಂದು ಸಣ್ಣ ತೂತು ಬೇಕೆಂದೇ ಬಿಟ್ಟಿರುತ್ತಾರೆ. ಅಲ್ಲಿಂದ ನೀರು ಬಂದರೆ ಒಳಗಿನ ಸೀಲು ಹೋಗಿದೆಯೆಂದು ಅರ್ಥ. ಆ ತೂತನ್ನು ಮುಚ್ಚತಕ್ಕದ್ದಲ್ಲ, ಪಂಪನ್ನೇ ಬದಲಿಸಬೇಕು.

ನಾಲ್ಕು, ಮುಚ್ಚಳದ ರಬ್ಬರು ಬಳೆ ಮತ್ತು ಪಕ್ಕದ ಪ್ಲಾಸ್ಟಿಕ್ ಡಬ್ಬ. ಮುಚ್ಚಳ ಹಳೆಯದಾದರೆ ಒತ್ತಡ ನಿಲ್ಲದೆ ನೀರು ಕುದಿದು ಹೋಗುತ್ತದೆ. ಬದಲಿಸುವಾಗ ಅದರ ಮೇಲೆ ಬರೆದಿರುವ ಒತ್ತಡದ ಅಂಕಿಯನ್ನು ನೋಡಿ ಅದೇ ಅಂಕಿಯದನ್ನು ತರಬೇಕು.

ಹೊರಗೆ ಎಲ್ಲೂ ಒದ್ದೆಯಿಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ; ಇಂಜಿನ್ನು ಬಿಸಿಯಾದ ಮೇಲೂ ಕೊಳವೆಯಿಂದ ದಟ್ಟವಾದ ಬಿಳಿ ಹೊಗೆ ಬರುತ್ತಿದೆ; ಇಲ್ಲವೆ ಇಂಜಿನ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆ; ಹೀಗಿದ್ದರೆ ನೀರು ಇಂಜಿನ್ನಿನ ಒಳಗೇ ಸೋರುತ್ತಿದೆ. ಆಗ ಗಾಡಿಯನ್ನು ಓಡಿಸದೆ ಮೆಕಾನಿಕರನ್ನು ಕರೆಸಿರಿ. ಅದು ನಮ್ಮ ನಿಮ್ಮ ಕೈಗೆ ಬರುವ ಕೆಲಸವಲ್ಲ.

ದಾರಿಯ ಉಪಾಯಗಳು

ನಮ್ಮಲ್ಲಿ ಕೆಲವು ಉಪಾಯಗಳು ಬಳಕೆಯಲ್ಲಿವೆ. ರೇಡಿಯೇಟರಿಗೆ ಅರಿಸಿನದ ಪುಡಿ ಹಾಕುವುದು ಒಂದು. ಸಣ್ಣ ತೂತು ಅದರಿಂದ ಮುಚ್ಚಬಹುದು, ನಿಜ. ಆದರೆ ತೂತು ಯಾವುದು, ದಾರಿ ಯಾವುದು ಎಂದು ಪುಡಿಗೆ ಗೊತ್ತಾಗುವುದಿಲ್ಲ. ಡ್ರಿಪ್ ಪೈಪಿನ ಸಣ್ಣ ಬಾಯಿಗೆ ಮಣ್ಣು ಕಟ್ಟಿದ ಹಾಗೆ ರೇಡಿಯೇಟರಿನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ. ಪೈಪಿಗೆ ಬೈಂಡಿಂಗ್ ವಯರು ಬಿಗಿಯುವುದು ಇನ್ನೊಂದು. ತಂತಿ ರಬ್ಬರನ್ನು ಕೊಯ್ಯುತ್ತದೆ. ದಾರಿಯಲ್ಲಿ ಸಿಕ್ಕಿಕೊಂಡಾಗ, ಇಂಜಿನ್ನು ತಣ್ಣಗಾದ ಮೇಲೆ, ಪೈಪನ್ನು ಒರೆಸಿ ಒಣಗಿಸಿ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಸುತ್ತಿ, ನೀರು ತುಂಬಿ, ಮುಳ್ಳಿನ ಮೇಲೆ ಕಣ್ಣಿಟ್ಟು, ಹತ್ತಿರದ ಗ್ಯಾರೇಜಿನ ತನಕ ಮೆಲ್ಲಗೆ ಹೋಗಬಹುದು. ಆದರೆ ಅದು ಆ ಹೊತ್ತಿನ ಕಟ್ಟು ಮಾತ್ರ. ಮಾರನೆಯ ದಿನ ಲೋಡು ಹೊರುವ ರಿಪೇರಿಯಲ್ಲ.

ಪೈಪು ಬದಲಿಸುವ ಕ್ರಮ

ಈ ಕೆಲಸಕ್ಕೆ ಬೇಕಾದವು ಇಷ್ಟೆ: ಒಂದು ಸ್ಕ್ರೂಡ್ರೈವರು, ಸ್ಪ್ಯಾನರು, ಚೂಪಾದ ಚಾಕು, ಅಗಲವಾದ ಬೇಸನ್ನು, ಅಳತೆಯ ಡಬ್ಬ, ಆ ಗಾಡಿಗೇ ಸರಿಹೊಂದುವ ಹೊಸ ಪೈಪು ಮತ್ತು ಎರಡು ಹೊಸ ಕ್ಲಿಪ್ಪು. ಹಳೆಯ ಪೈಪನ್ನು ಅಂಗಡಿಗೆ ಕೊಂಡುಹೋಗಿ ಬಾಗು, ಉದ್ದ, ಬಾಯಿಯ ಅಳತೆಗಳನ್ನು ಹೋಲಿಸಿ ತರುವುದು ಒಳ್ಳೆಯದು.

ಗಾಡಿಯನ್ನು ಸಮನಾದ ನೆಲದಲ್ಲಿ, ಬಯಲಿನಲ್ಲಿ ನಿಲ್ಲಿಸಿರಿ. ಇಂಜಿನ್ನು ರಾತ್ರಿಯಿಡೀ ತಣಿದಿರಲಿ. ಕೀಲಿಯನ್ನು ತೆಗೆದು ಬ್ಯಾಟರಿಯ ತಂತಿಯೊಂದನ್ನು ಬಿಚ್ಚಿಡಿರಿ; ವಿದ್ಯುತ್ತಿನ ಫ್ಯಾನು ಕೆಲವು ಗಾಡಿಗಳಲ್ಲಿ ಇಂಜಿನ್ನು ನಿಂತಿದ್ದರೂ ತಾನಾಗಿ ತಿರುಗುವುದುಂಟು. ಕೆಳಗೆ ಬೇಸನ್ನು ಇಟ್ಟು, ರೇಡಿಯೇಟರಿನ ಅಡಿಯ ನಲ್ಲಿಯನ್ನಾಗಲಿ ಕೆಳಗಿನ ಪೈಪನ್ನಾಗಲಿ ಬಿಚ್ಚಿ ನೀರನ್ನು ಇಳಿಸಿರಿ. ಹೊರಬಂದ ನೀರನ್ನು ತಪ್ಪದೆ ಅಳೆದಿಡಿರಿ. ಇದು ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಕ್ಲಿಪ್ಪು ಸಡಿಲಿಸಿದ ಮೇಲೂ ಹಳೆಯ ಪೈಪು ಕಚ್ಚಿಕೊಂಡಿದ್ದರೆ ಬಲವಾಗಿ ಎಳೆಯಬಾರದು. ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಮುರಿದು ಬರುತ್ತದೆ. ಪೈಪನ್ನು ಉದ್ದಕ್ಕೆ ಚಾಕುವಿನಿಂದ ಹುಷಾರಾಗಿ ಸೀಳಿ ಬಿಡಿಸಿರಿ. ಮೂತಿಯ ಮೇಲಿನ ಕಿಲುಬನ್ನು ಒರೆಸಿ ನುಣುಪು ಮಾಡಿರಿ. ಕ್ಲಿಪ್ಪುಗಳನ್ನು ಮೊದಲೇ ಹೊಸ ಪೈಪಿಗೆ ತೊಡಿಸಿ, ಪೈಪಿನ ಬಾಯಿಗೆ ನೀರು ಸವರಿ ಪೂರ್ತಿಯಾಗಿ ತಳ್ಳಿರಿ. ಮೂತಿಯ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಕ್ಲಿಪ್ಪು ಆ ಉಬ್ಬಿನ ಮೇಲೆ ಕೂರಬಾರದು. ಉಬ್ಬನ್ನು ದಾಟಿ ಹಿಂದೆ ಕೂರಬೇಕು. ಪೈಪು ಅಲುಗದಷ್ಟು ಬಿಗಿ ಸಾಕು. ಅತಿಯಾದರೆ ರಬ್ಬರು ಕತ್ತರಿಸುತ್ತದೆ. ಅಡಿಯ ನಲ್ಲಿಯನ್ನು ಮರೆಯದೆ ಮುಚ್ಚಿ, ಬ್ಯಾಟರಿಯ ತಂತಿಯನ್ನು ಮತ್ತೆ ಹಾಕಿರಿ.

ಯಾವ ನೀರು ತುಂಬಬೇಕು?

ನಾನು ಹುಡುಗನಿಗೆ ಹೇಳಿದ ಬೋರ್‌ವೆಲ್ ನೀರಿನ ಮಾತಿಗೆ ಈಗ ಬರುತ್ತೇನೆ. ಆಳದ ಬೋರಿನ ನೀರು ಬಹಳ ಕಡೆ ಗಡಸು. ಸ್ನಾನದ ಹಂಡೆಯ ಒಳಗೆ ಸುಣ್ಣದ ಹಕ್ಕಳೆ ಕಟ್ಟುವುದನ್ನು ನೀವು ನೋಡಿದ್ದೀರಿ. ಅದೇ ಹಕ್ಕಳೆ ಇಂಜಿನ್ನಿನಲ್ಲೂ ಕಟ್ಟುತ್ತದೆ. ಶಾಖ ನೀರಿಗೆ ದಾಟುವುದನ್ನು ತಡೆಯುತ್ತದೆ. ಬರಿಯ ನೀರಿನಿಂದ ತುಕ್ಕೂ ಹಿಡಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೂಲೆಂಟನ್ನು ಬೆರೆಸಿ ತುಂಬುವುದೇ ಸರಿಯಾದ ಕ್ರಮ. ಗ್ಲೈಕಾಲಿನ ಕೂಲೆಂಟನ್ನು ಸಾಮಾನ್ಯವಾಗಿ ಅರ್ಧಕ್ಕೆ ಅರ್ಧ ಬೆರೆಸುತ್ತಾರೆ. ಬೆರೆಸಿಯೇ ಮಾರುವ ಡಬ್ಬಗಳೂ ಇವೆ, ಅವಕ್ಕೆ ಮತ್ತೆ ನೀರು ಸೇರಿಸಬಾರದು. ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಇದೇಕೆ ಎಂದು ಕೇಳಬೇಡಿರಿ. ತುಕ್ಕನ್ನು ತಡೆಯಲಿಕ್ಕೂ ಕುದಿಯುವ ಮಟ್ಟವನ್ನು ಏರಿಸಲಿಕ್ಕೂ ಅದು ಬೇಕು. ಬಣ್ಣ ಒಂದೇ ಇದೆಯೆಂದು ಎರಡು ಜಾತಿಯ ಕೂಲೆಂಟನ್ನು ಕಲಸಬಾರದು. ಗಾಡಿಯ ಕೈಪಿಡಿ ಹೇಳಿದ್ದನ್ನೇ ಹಾಕಬೇಕು. ದಾರಿಯಲ್ಲಿ ಬೇರೆ ಗತಿಯಿಲ್ಲದಿದ್ದರೆ ಸಿಕ್ಕ ಶುದ್ಧ ನೀರನ್ನು ಹಾಕಿ ಬನ್ನಿರಿ. ಮನೆಗೆ ಬಂದ ಮೇಲೆ ಅದನ್ನು ಇಳಿಸಿಬಿಡಿರಿ.

ಗಾಳಿ ತೆಗೆಯುವುದು

ಬಹಳ ಮಂದಿ ಇಲ್ಲಿಯ ತನಕ ಸರಿಯಾಗಿ ಮಾಡಿ, ಇಲ್ಲಿಂದ ಮುಂದೆ ಎಡವುತ್ತಾರೆ. ಪೈಪು ಹೊಸದು, ನೀರು ಹೊಸದು, ಮುಚ್ಚಳ ಹೊಸದು. ಆದರೂ ಮುಳ್ಳು ಏರುತ್ತದೆ. ಕಾರಣ, ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ.

ಇದು ರೈತನಿಗೆ ಹೊಸದಲ್ಲ. ಬಾವಿಯ ದಂಡೆಯ ಪಂಪ್‌ಸೆಟ್ಟಿಗೆ ನೀರು ತುಂಬಿ ಗಾಳಿ ಹೊರಡಿಸದೆ ಚಾಲೂ ಮಾಡಿದರೆ ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. "ಏರ್ ಹಿಡಿದಿದೆ" ಎನ್ನುತ್ತೇವೆ. ವ್ಯಾನಿನ ನೀರಿನ ಪಂಪೂ ಅದೇ ಜಾತಿಯದು. ಗಾಳಿಯ ಗುಳ್ಳೆ ಬಂದು ನಿಂತರೆ ನೀರಿನ ಓಟ ನಿಲ್ಲುತ್ತದೆ, ಗಾಳಿ ನಿಂತ ಜಾಗದ ಲೋಹ ಸುಡುತ್ತದೆ. ಇನ್ನೂ ಒಂದು ಅಪಾಯವಿದೆ. ಬಿಸಿಯನ್ನು ಅಳೆಯುವ ಮೊಳೆ ಗಾಳಿಯಲ್ಲಿ ನಿಂತರೆ ಮುಳ್ಳು ಸುಳ್ಳು ಹೇಳುತ್ತದೆ. ಇಂಜಿನ್ನು ಬೇಯುತ್ತಿದ್ದರೂ ತಣ್ಣಗಿದೆಯೆಂದು ತೋರಿಸಬಹುದು.

ಇಲ್ಲಿ ಅಳತೆಯ ಡಬ್ಬ ಉಪಯೋಗಕ್ಕೆ ಬರುತ್ತದೆ. ಪೂರ್ತಿ ತುಂಬಿದ್ದ ಗಾಡಿಯಿಂದ 5 ಲೀಟರು ಇಳಿಸಿ, ಮತ್ತೆ ತುಂಬುವಾಗ ಮೂರೂವರೆ ಲೀಟರಿಗೇ ಬಾಯಿ ತನಕ ಬಂದರೆ, ಉಳಿದ ಒಂದೂವರೆ ಲೀಟರಿನ ಜಾಗದಲ್ಲಿ ಏನಿದೆ? ಗಾಳಿಯಿದೆ. ಕೊಟ್ಟ ಲೆಕ್ಕ, ತಂದ ಲೆಕ್ಕ ಸರಿಹೋಗಬೇಕು. ನೀರು ಮೊದಲೇ ಸೋರಿಹೋಗಿದ್ದರೆ ಇಳಿಸಿದ್ದಕ್ಕಿಂತ ಹೆಚ್ಚೇ ಹಿಡಿಯಬೇಕು. ಒಟ್ಟು ಎಷ್ಟು ಹಿಡಿಯುತ್ತದೆಂಬುದು ಕೈಪಿಡಿಯಲ್ಲಿ ಇರುತ್ತದೆ.

ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಏರುತ್ತದೆ. ಆದುದರಿಂದ ನೀರು ಹಾಕುವ ಬಾಯಿಯೇ ಎಲ್ಲಕ್ಕಿಂತ ಎತ್ತರವಾಗಿರುವಂತೆ ಗಾಡಿಯನ್ನು ನಿಲ್ಲಿಸಬೇಕು. ಬಾಯಿ ಮುಂಭಾಗದಲ್ಲಿದ್ದರೆ ಮೂತಿ ಮೇಲಾಗುವಂತೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳಿಗೆ ದಪ್ಪ ಕಲ್ಲು ಕೊಡಿರಿ. ಮುಚ್ಚಿದ ಕೊಟ್ಟಿಗೆಯಲ್ಲಿ ಈ ಕೆಲಸ ಬೇಡ, ಹೊಗೆ ವಿಷ.

ಗಾಡಿಯಲ್ಲಿ ಹೀಟರು ಇದ್ದರೆ ಅದರ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿರಿ. ಆ ಪೈಪುಗಳಲ್ಲೂ ನೀರು ಹರಿಯಬೇಕು. ಕೆಲವು ಗಾಡಿಗಳಲ್ಲಿ ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಬಿಡುವ ಸ್ಕ್ರೂ ಇರುತ್ತದೆ. ಇಂಜಿನ್ನು ತಣ್ಣಗಿರುವಾಗಲೇ ಅದನ್ನು ಒಂದೆರಡು ಸುತ್ತು ಸಡಿಲಿಸಿರಿ. ಈಗ ನೀರನ್ನು ಸಣ್ಣ ಧಾರೆಯಾಗಿ ನಿಧಾನವಾಗಿ ಹೊಯ್ಯಿರಿ. ಗಡಿಬಿಡಿಯಿಂದ ಸುರಿದರೆ ಗಾಳಿ ಕೆಳಗೇ ಸಿಕ್ಕಿಬೀಳುತ್ತದೆ. ನಡುನಡುವೆ ಮೇಲಿನ, ಕೆಳಗಿನ ಪೈಪುಗಳನ್ನು ಹಾಲು ಕರೆದ ಹಾಗೆ ಹಿಸುಕಿರಿ. ಬುಳುಬುಳು ಎಂದು ಗುಳ್ಳೆಗಳು ಮೇಲೆ ಬರುತ್ತವೆ. ಸ್ಕ್ರೂವಿನಿಂದ ಗುಳ್ಳೆಯಿಲ್ಲದ ಧಾರೆ ಬಂದಾಗ ಅದನ್ನು ಮುಚ್ಚಿರಿ. ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಆಗಿರುವುದರಿಂದ ಬಲ ಬೇಡ.

ಬಾಯಿ ತನಕ ತುಂಬಿದ ಮೇಲೆ, ಮುಚ್ಚಳ ಹಾಕದೆ, ಇಂಜಿನ್ನನ್ನು ನಿಧಾನದ ಓಟದಲ್ಲಿ ಚಾಲೂ ಮಾಡಿರಿ. ಕೈ, ಟವಲು, ಸೀರೆಯ ಸೆರಗು ಫ್ಯಾನಿನ ಹತ್ತಿರ ಸುಳಿಯಬಾರದು. ಮುಖವನ್ನು ಬಾಯಿಯ ಮೇಲೆ ಬಗ್ಗಿಸಬಾರದು. ನೀರು ಇಳಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಸೇರಿಸಿರಿ. ಕೆಲವು ನಿಮಿಷಗಳಾದ ಮೇಲೆ ಥರ್ಮೋಸ್ಟಾಟು ತೆರೆಯುತ್ತದೆ. ಆಗ ತಣ್ಣಗಿದ್ದ ಮೇಲಿನ ಪೈಪು ಬಿಸಿಯಾಗತೊಡಗುತ್ತದೆ. ಒಳಗಿನ ಮಟ್ಟ ಒಮ್ಮೆಗೇ ಇಳಿಯುವುದೂ ಉಂಟು. ಮತ್ತೆ ತುಂಬಿರಿ. ಗುಳ್ಳೆ ಬರುವುದು ನಿಂತು ಮಟ್ಟ ಸ್ಥಿರವಾದಾಗ ದಪ್ಪ ಬಟ್ಟೆಯಿಂದ ಮುಚ್ಚಳ ಹಾಕಿರಿ. ನಡುವೆ ನೀರು ಉಕ್ಕಿ ಬರತೊಡಗಿದರೆ ಹಿಂದೆ ಸರಿದು ಇಂಜಿನ್ನು ನಿಲ್ಲಿಸಿ, ತಣಿಯಲು ಬಿಟ್ಟು, ಮತ್ತೆ ಮೊದಲಿನಿಂದ ಮಾಡಿರಿ. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿರಬಹುದು, ಮೆಕಾನಿಕರಿಗೆ ತೋರಿಸಿರಿ.

ಕೊನೆಯಲ್ಲಿ, ಮುಚ್ಚಳ ಹಾಕಿದ ಇಂಜಿನ್ನನ್ನು ಫ್ಯಾನು ಒಂದೆರಡು ಸಲ ತಿರುಗಿ ನಿಲ್ಲುವ ತನಕ ಓಡಿಸಿ ನೋಡಿರಿ. ಫ್ಯಾನು ಬೆಲ್ಟಿನದಾದರೆ ಮುಳ್ಳು ತನ್ನ ಎಂದಿನ ಜಾಗದಲ್ಲಿ ನಿಲ್ಲುವುದನ್ನು ನೋಡಿರಿ. ಹೀಟರಿನಿಂದ ಬಿಸಿ ಗಾಳಿ ಬಂದರೆ ನೀರು ಎಲ್ಲ ಕಡೆ ಹರಿಯುತ್ತಿದೆಯೆಂದು ನಂಬಬಹುದು; ತಣ್ಣನೆಯ ಗಾಳಿ, ಬುಳುಬುಳು ಸದ್ದು ಇದ್ದರೆ ಗಾಳಿ ಇನ್ನೂ ಉಳಿದಿದೆ. ರಾತ್ರಿ ತಣಿದ ಮೇಲೆ ಬೆಳಿಗ್ಗೆ ಮಟ್ಟವನ್ನು ನೋಡಿ ಡಬ್ಬದ ಗೆರೆಯ ತನಕ ತುಂಬಿರಿ. ಮೊದಲ ದಿನ ಲೋಡು ಹಾಕದೆ ಊರ ಸುತ್ತ ಓಡಿಸಿ, ಮತ್ತೆ ರಟ್ಟು ಹಾಸಿ ನೋಡಿರಿ. ಗಾಡಿ ಗಾಡಿಗೂ ಕ್ರಮದಲ್ಲಿ ಸ್ವಲ್ಪ ಭೇದವಿದೆ. ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಮಾತು.

ಮಕ್ಕಳು, ದನಕರು, ನಾಯಿ

ಗ್ಲೈಕಾಲಿನ ಕೂಲೆಂಟು ಸಿಹಿಯಾಗಿರುತ್ತದೆ, ಆದರೆ ವಿಷ. ಬೇಸನ್ನಿನಲ್ಲಿ ಬಿಟ್ಟರೆ ನಾಯಿ ನೆಕ್ಕುತ್ತದೆ, ಕರು ಕುಡಿಯುತ್ತದೆ, ಬಣ್ಣಕ್ಕೆ ಮರುಳಾಗಿ ಮಗು ಬಾಯಿಗಿಡುತ್ತದೆ. ಇಳಿಸಿದ್ದನ್ನು ಕೂಡಲೆ ಮುಚ್ಚಳವಿರುವ ಕ್ಯಾನಿಗೆ ತುಂಬಿ, "ವಿಷ" ಎಂದು ಬರೆದು, ಎತ್ತರದಲ್ಲಿಟ್ಟು, ಹಳೆಯ ಕೂಲೆಂಟು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ. ಕುಡಿಯುವ ನೀರಿನ ಬಾಟಲಿಗೆ ಎಂದೂ ತುಂಬಬೇಡಿರಿ. ಚರಂಡಿಗೆ, ಹೊಲಕ್ಕೆ, ಬಾವಿಯ ಬದಿಗೆ ಚೆಲ್ಲಬೇಡಿರಿ. ಯಾರಾದರೂ ಕುಡಿದರೆಂದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮೊದಲು ಅಮಲು ಏರಿದಂತೆ ಮಾತ್ರ ಕಾಣುತ್ತದೆ. ಮೂತ್ರಪಿಂಡ ಹಾಳಾಗುವುದು ಆಮೇಲೆ.

ಬಿಸಿನೀರು ಬಿದ್ದು ಸುಟ್ಟರೆ ಬಳೆ, ಉಂಗುರ, ಗಡಿಯಾರ ತೆಗೆದು, ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿರಿ. ಅರಿಸಿನ, ಶಾಯಿ, ಬೆಣ್ಣೆ, ಪೇಸ್ಟು ಯಾವುದನ್ನೂ ಹಚ್ಚಬೇಡಿರಿ, ಬೊಕ್ಕೆ ಒಡೆಯಬೇಡಿರಿ. ಶುದ್ಧವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಬರುತ್ತದೆ. ಅಂದು ನಮ್ಮ ವ್ಯಾನಿನಲ್ಲಿ ಒಂದು ಕ್ಯಾನು ಕುಡಿಯುವ ನೀರಿತ್ತು. ಅದನ್ನು ಹುಡುಗನ ಕೈಮೇಲೆ ಹೊಯ್ಯುವ ಬದಲು ಇಂಜಿನ್ನಿಗೆಂದು ಎತ್ತಿಟ್ಟುಕೊಂಡೆವು. ಇದೂ ನಮ್ಮ ತಪ್ಪೇ.

ಬಾಂಧವರೆ, ಎತ್ತು ಕಟ್ಟುವ ಕಾಲದಲ್ಲಿ ನಮ್ಮ ಹಿರಿಯರು ಬೆಳಿಗ್ಗೆ ಎದ್ದು ಎತ್ತಿನ ಮೈ ಸವರಿ, ಗೊರಸು ನೋಡಿ, ನೀರು ಕುಡಿಸಿದ ಮೇಲೆಯೇ ನೊಗ ಹೂಡುತ್ತಿದ್ದರು. ವ್ಯಾನಿಗೆ ಬಾಯಿಲ್ಲ. ಬಾಯಾರಿದರೆ ಕೂಗಿ ಹೇಳುವುದಿಲ್ಲ. ರಟ್ಟಿನ ಮೇಲೆ ಒಂದು ಕಲೆ ಬಿಡುತ್ತದೆ, ಅಷ್ಟೆ. ದಿನವೂ ಹೊರಡುವ ಮುನ್ನ, ಇಂಜಿನ್ನು ತಣ್ಣಗಿರುವಾಗ, ಡಬ್ಬದ ಗೆರೆಯನ್ನು ಒಮ್ಮೆ ನೋಡಿರಿ. ನೀರು ಕಡಿಮೆಯಾಗಿದ್ದರೆ ತುಂಬುವ ಮೊದಲು "ಎಲ್ಲಿಗೆ ಹೋಯಿತು?" ಎಂದು ಕೇಳಿಕೊಳ್ಳಿರಿ. ನಾನು ಕೇಳದೆ ಹೋದ ಮಾತು ಅದೊಂದೇ.

ಮುಂದಿನ ಭಾನುವಾರ ಬೆಳಿಗ್ಗೆ ಪಂಚಾಯಿತಿ ಕಟ್ಟೆಯ ಮುಂದೆ ಇದೇ ಕೆಲಸವನ್ನು ಮಾಡಿ ತೋರಿಸುತ್ತೇವೆ. ಕೈ ಸುಟ್ಟುಕೊಂಡ ಆ ಹುಡುಗನೇ ಮಾಡಿ ತೋರಿಸುತ್ತಾನೆ. ಈಗ ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ. ವ್ಯಾನು ಇರುವವರು ತಪ್ಪದೆ ಬನ್ನಿರಿ. ಇಂಜಿನ್ನು ತಣ್ಣಗಿರಬೇಕಾದುದರಿಂದ ಹಿಂದಿನ ರಾತ್ರಿಯೇ ಗಾಡಿಯನ್ನು ತಂದು ನಿಲ್ಲಿಸಿರಿ.